ಜೈವಿಕ ಅನುಕ್ರಮ ಭಂಡಾರಗಳಲ್ಲಿ ಪದಶೋಧ: ಚಾಮರಾಜನಗರ-ಗುಂಡ್ಲುಪೇಟೆಗಳ ನಿದರ್ಶನದಿಂದ ಒಂದು ವಿಮರ್ಶೆ

ಜೀವಿಗಳ ಡಿ.ಎನ್.ಎ. ಮತ್ತು ಪ್ರೋಟೀನುಗಳ ಅಕ್ಷರಕ್ರಮವನ್ನು ಓದಿ ಸಂಗ್ರಹಿಸಿಡುವ ಭಂಡಾರಗಳು ಇಂದು ಜೀವವಿಜ್ಞಾನದ ಎಲ್ಲ ಶಾಖೆಗಳಿಗೂ ಆಧಾರವಾಗಿವೆ. ೧೯೬೫ರಲ್ಲಿ ಮಾರ್ಗರೆಟ್ ಡೇಹಾಫ್ ಅವರೂ ಅವರ ಸಂಗಡಿಗರೂ ಹೊರತಂದ ಸಂಪುಟದಲ್ಲಿ ಇದ್ದುದು ೬೫ ಪ್ರೋಟೀನುಗಳ ಅನುಕ್ರಮ ಮಾತ್ರ. ೧೯೮೨ರಲ್ಲಿ ಅಮೆರಿಕದಲ್ಲಿ ಜೆನ್‌ಬ್ಯಾಂಕ್ ಆರಂಭವಾಯಿತು. ಐರೋಪ್ಯ ಮತ್ತು ಜಪಾನೀ ಭಂಡಾರಗಳೂ ಅದೇ ದಶಕದಲ್ಲಿ ನೆಲೆಗೊಂಡು, ಕ್ರಮೇಣ ಮೂರೂ ತಮ್ಮ ದಾಖಲೆಗಳನ್ನು ಪ್ರತಿದಿನವೂ ವಿನಿಮಯ ಮಾಡಿಕೊಳ್ಳುವ ಏರ್ಪಾಡು ಬಂದಿತು. ನಮ್ಮ ದೇಶದಲ್ಲಿಯೂ ೨೦೨೨ರಲ್ಲಿ ಫರೀದಾಬಾದಿನಲ್ಲಿ ಇಂಥದೇ ಒಂದು ರಾಷ್ಟ್ರೀಯ ಕೇಂದ್ರ ಉದ್ಘಾಟಿತವಾಗಿದೆ. ಭಂಡಾರಗಳು ಬೆಳೆದಷ್ಟೂ ಅವುಗಳಲ್ಲಿ ಬೇಕಾದುದನ್ನು ಹುಡುಕಿ ತೆಗೆಯುವ ಕೆಲಸ ಸುಲಭವಾಯಿತೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಪ್ರಬಲವಾಗಿದೆ. ಈ ನಂಬಿಕೆಯನ್ನು ಒಂದು ಸೀಮಿತ ಪ್ರದೇಶದ ನಿದರ್ಶನದಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಹುಡುಕುವ ಕ್ರಮಗಳು ಎರಡು ಬಗೆಯವು. ಒಂದು, ಅನುಕ್ರಮವನ್ನೇ ಕೊಟ್ಟು ಅದನ್ನು ಹೋಲುವ ಅನುಕ್ರಮಗಳನ್ನು ಕೇಳುವುದು. ೧೯೯೦ರಲ್ಲಿ ಪ್ರಕಟವಾದ ಬ್ಲಾಸ್ಟ್ ಎಂಬ ವಿಧಾನ ಇದಕ್ಕೆ ಪ್ರಸಿದ್ಧ. ಇನ್ನೊಂದು, ಪದಗಳನ್ನು ಕೊಟ್ಟು ಆ ಪದಗಳಿರುವ ದಾಖಲೆಗಳನ್ನು ಕೇಳುವುದು. ಜೆನ್‌ಬ್ಯಾಂಕಿನ ದಾಖಲೆಗಳಿಗೆ ಎಂಟ್ರೆಜ್ ಎಂಬ ವ್ಯವಸ್ಥೆ ೧೯೯೧ರಿಂದ ಈ ಕೆಲಸವನ್ನು ಮಾಡುತ್ತಿದೆ. ಮೊದಲನೆಯದಕ್ಕೆ ಪಠ್ಯಕ್ರಮದಲ್ಲಿ ಅಧ್ಯಾಯಗಳೇ ಮೀಸಲಾಗಿವೆ. ಎರಡನೆಯದನ್ನು ಕಲಿಸತಕ್ಕ ವಿದ್ಯೆಯೆಂದೇ ನಾವು ಎಣಿಸಿಲ್ಲ. ಆದರೆ ಸಂಶೋಧಕನು ಭಂಡಾರದೊಳಕ್ಕೆ ಹೋಗುವುದು ಬಹುಮಟ್ಟಿಗೆ ಎರಡನೆಯ ಬಾಗಿಲಿನಿಂದ. ಒಂದು ಪ್ರದೇಶದಿಂದ, ಒಂದು ಕಾಲದಲ್ಲಿ, ಒಂದು ಆತಿಥೇಯ ಪ್ರಾಣಿಯಿಂದ ದೊರೆತ ಅನುಕ್ರಮಗಳು ಯಾವುವು ಎಂಬ ಪ್ರಶ್ನೆಗೆ ಬ್ಲಾಸ್ಟ್ ನೇರವಾಗಿ ಉತ್ತರ ಕೊಡಲಾರದು. ಅನುಕ್ರಮದ ಅಕ್ಷರಗಳಲ್ಲಿ ಊರಿನ ಹೆಸರಿಲ್ಲ. ಅದು ಇರುವುದು ದಾಖಲೆಯನ್ನು ಸಲ್ಲಿಸಿದವರು ಬರೆದ ವಿವರಣೆಯಲ್ಲಿ. ಪದಶೋಧವು ಜೀವಿಯನ್ನು ಹುಡುಕುವುದಿಲ್ಲ, ಜೀವಿಯನ್ನು ಕುರಿತು ಮನುಷ್ಯರು ಬರೆದುದನ್ನು ಹುಡುಕುತ್ತದೆ. ಈ ಭೇದವನ್ನು ಮರೆತಲ್ಲಿ ತಪ್ಪು ಮೊದಲಾಗುತ್ತದೆ.

ಒಬ್ಬ ವಿದ್ಯಾರ್ಥಿ ಚಾಮರಾಜನಗರ ಜಿಲ್ಲೆಯ ಜೀವಿಗಳ ಅನುಕ್ರಮಗಳನ್ನು ಕಲೆಹಾಕಲು ಹೊರಟನೆಂದು ಭಾವಿಸೋಣ. ಅವನು ಜಿಲ್ಲೆಯ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಹುಡುಕುತ್ತಾನೆ. ಆ ಹೆಸರು 'ಚಾಮರಾಜನಗರ್', 'ಚಾಮರಾಜನಗರ', 'ಚಾಮ್‌ರಾಜ್‌ನಗರ್' ಎಂದು ಕನಿಷ್ಠ ಮೂರು ಬಗೆಯ ಕಾಗುಣಿತಗಳಲ್ಲಿ ಬಳಕೆಯಲ್ಲಿದೆ. ಗಣಕಕ್ಕೆ ಇವು ಮೂರು ಬೇರೆ ಪದಗಳು. ಗುಂಡ್ಲುಪೇಟೆಯ ಕೊನೆಯ ಸ್ವರವನ್ನು ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಅಷ್ಟರಿಂದಲೇ ಎರಡು ದಾಖಲೆಗಳು ಒಂದನ್ನೊಂದು ಕಾಣದಂತಾಗುತ್ತವೆ. ಬಿಳಿಗಿರಿರಂಗನ ಬೆಟ್ಟವನ್ನು 'ಬಿಳಿಗಿರಿರಂಗನ ಹಿಲ್ಸ್' ಎಂದೂ, 'ಬಿಳಿಗಿರಿ ರಂಗಸ್ವಾಮಿ ಟೆಂಪಲ್' ಎಂದೂ, 'ಬಿ.ಆರ್. ಹಿಲ್ಸ್' ಎಂದೂ, 'ಬಿ.ಆರ್.ಟಿ.' ಎಂದೂ ಬರೆಯುವುದುಂಟು. ೨೦೧೧ರಲ್ಲಿ ಅದು ಹುಲಿ ರಕ್ಷಿತಾರಣ್ಯವಾದ ಮೇಲೆ ಆ ಹೆಸರೂ ಸೇರಿಕೊಂಡಿತು.

ಕಾಗುಣಿತದ ಭೇದಕ್ಕಿಂತ ಹೆಚ್ಚು ತೊಡಕಿನದು ಆಡಳಿತದ ಇತಿಹಾಸ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಅದಕ್ಕೆ ಮೊದಲು ಅದು ಮೈಸೂರು ಜಿಲ್ಲೆಯ ಭಾಗ. ಆದಕಾರಣ ಅದಕ್ಕೆ ಹಿಂದೆ ಗುಂಡ್ಲುಪೇಟೆಯ ಕಾಡಿನಲ್ಲಿ ಸಂಗ್ರಹಿಸಿ, ಬಳಿಕ ಅನುಕ್ರಮ ತೆಗೆದ ಮಾದರಿಯ ಚೀಟಿಯಲ್ಲಿ 'ಮೈಸೂರು' ಎಂದೇ ಇರುವುದು ಸಹಜ. ಆದರೆ ೧೯೭೩ರವರೆಗೆ 'ಮೈಸೂರು' ಎಂಬುದು ರಾಜ್ಯದ ಹೆಸರೂ ಆಗಿತ್ತು. ನಗರದ ಇಂಗ್ಲಿಷ್ ಕಾಗುಣಿತವೂ ೨೦೧೪ರಲ್ಲಿ ಬದಲಾಯಿತು. ಕೊಳ್ಳೇಗಾಲವು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ವಸ್ತುಸಂಗ್ರಹಾಲಯದಲ್ಲಿರುವ ಅಲ್ಲಿನ ಹಳೆಯ ಮಾದರಿಯೊಂದರಿಂದ ಇಂದು ಡಿ.ಎನ್.ಎ. ತೆಗೆದರೆ ದಾಖಲೆಯಲ್ಲಿ 'ಕೊಯಮತ್ತೂರು' ಎಂದು ಬೀಳಬಹುದು. ಇನ್ನೂ ಹಿಂದಕ್ಕೆ ಹೋದರೆ ಚಾಮರಾಜನಗರ ಅರಿಕುಠಾರವಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಜನ್ಮಸ್ಥಳವಾದ ಆ ಊರಿಗೆ ೧೮೧೮ರಲ್ಲಿ ಈಗಿನ ಹೆಸರನ್ನಿಟ್ಟರು. ಗುಂಡ್ಲುಪೇಟೆಯ ಪ್ರಾಚೀನ ನಾಮ ವಿಜಯಪುರ. ಈ ಹೆಸರನ್ನು ಹಿಡಿದು ಹೊರಟವನಿಗೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರವೂ, ೨೦೧೪ರಿಂದೀಚೆಗೆ ಬಿಜಾಪುರವಾಗಿದ್ದ ವಿಜಯಪುರವೂ ಎದುರಾಗುತ್ತವೆ. ಒಂದೇ ಸ್ಥಳಕ್ಕೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಸ್ಥಳ ಎಂಬ ಎರಡು ದೋಷಗಳೂ ಇಲ್ಲಿ ಕೂಡಿವೆ. ಮೊದಲನೆಯದರಿಂದ ಬೇಕಾದುದು ತಪ್ಪಿಹೋಗುತ್ತದೆ. ಎರಡನೆಯದರಿಂದ ಬೇಡವಾದುದು ಬಂದು ಸೇರುತ್ತದೆ.

ಕನ್ನಡ ವಿದ್ವತ್ತಿಗೆ ಈ ತೊಡಕು ಹೊಸದಲ್ಲ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಶಾಸ್ತ್ರವನ್ನು ಡಿ. ಎಲ್. ನರಸಿಂಹಾಚಾರ್ ಅವರು ೧೯೬೪ರಲ್ಲಿ 'ಕನ್ನಡ ಗ್ರಂಥಸಂಪಾದನೆ' ಎಂಬ ಕೃತಿಯಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು. ಸಂಪಾದಕನಾದವನು ಒಂದೇ ಪ್ರತಿಯನ್ನು ನಂಬುವುದಿಲ್ಲ. ಪ್ರತಿಕಾರನ ಕೈತಪ್ಪು ಎಲ್ಲೆಲ್ಲಿ ಸಂಭವಿಸುತ್ತದೆಂಬುದನ್ನು ಮೊದಲೇ ಊಹಿಸುತ್ತಾನೆ. ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ಶಾಸನಗಳ ವಿಷಯದಲ್ಲಿಯೂ ಇಂಥದೇ ಎಚ್ಚರಿಕೆ ಬೇಕಾಗುತ್ತದೆ. ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕುಗಳ ಶಾಸನಗಳಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಗುಂಡ್ಲುಪೇಟೆಯವು ಮೂರನೆಯ ಸಂಪುಟಕ್ಕೂ (೧೯೭೪), ಚಾಮರಾಜನಗರದವು ನಾಲ್ಕನೆಯ ಸಂಪುಟಕ್ಕೂ (೧೯೭೫) ಹಂಚಿಹೋದವು. ಶಾಸನ ಸಂಖ್ಯೆಗಳೂ ಬದಲಾದವು. ಆದುದರಿಂದ ಆವೃತ್ತಿಯನ್ನು ಹೇಳದೆ ಬರಿಯ ತಾಲ್ಲೂಕು ಮತ್ತು ಸಂಖ್ಯೆಯನ್ನು ಉಲ್ಲೇಖಿಸಿದವನ ಮಾತು ಓದುಗನಿಗೆ ನಿಷ್ಪ್ರಯೋಜಕ. ಜೆನ್‌ಬ್ಯಾಂಕಿನಲ್ಲಿ ೧೯೯೯ರಿಂದ ಪ್ರತಿಯೊಂದು ದಾಖಲೆಯ ಸಂಖ್ಯೆಯ ಮುಂದೆ ಒಂದು ಬಿಂದುವನ್ನಿಟ್ಟು ಪರಿಷ್ಕರಣದ ಅಂಕೆಯನ್ನು ಬರೆಯುತ್ತಾರೆ. ಅನುಕ್ರಮ ಬದಲಾದರೆ ಆ ಅಂಕೆ ಏರುತ್ತದೆ, ಮೂಲ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಆ ಬಿಂದುವನ್ನೂ ಅಂಕೆಯನ್ನೂ ಬಿಟ್ಟು ಉಲ್ಲೇಖಿಸುವ ನಮ್ಮ ಪ್ರಬಂಧಗಳು ಆವೃತ್ತಿಯನ್ನು ಹೇಳದೆ ಶಾಸನವನ್ನು ಉಲ್ಲೇಖಿಸುವ ತಪ್ಪನ್ನೇ ಮಾಡುತ್ತವೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನಿಯತವಾದ ಪರಿಭಾಷೆಯನ್ನು ಅಳವಡಿಸಿದರೆ ಈ ತೊಡಕೆಲ್ಲ ತಾನಾಗಿಯೇ ನಿವಾರಣೆಯಾಗುವುದಿಲ್ಲವೇ ಎಂದು ಕೇಳಬಹುದು. ಜೀವಿಗಳ ಹೆಸರುಗಳ ಮಟ್ಟಿಗೆ ಇದು ಬಹುಪಾಲು ನಿಜ. ಭಂಡಾರದವರು ಜೀವಿವರ್ಗೀಕರಣದ ಒಂದು ವೃಕ್ಷವನ್ನು ಇಟ್ಟುಕೊಂಡು ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಬಂಡೀಪುರದ ಮುಸುವವನ್ನು ಹಿಂದೆ ಪ್ರೆಸ್ಬೈಟಿಸ್ ಕುಲಕ್ಕೆ ಸೇರಿಸಿದ್ದರು, ಈಗ ಸೆಮ್ನೊಪಿಥೆಕಸ್ ಎನ್ನುತ್ತಾರೆ. 'ಜೀವಿ' ಎಂಬ ಅಂಕಣಕ್ಕೆ ಸೀಮಿತಗೊಳಿಸಿ ಹುಡುಕಿದರೆ ಇಂಥ ಬದಲಾವಣೆಯ ಬಾಧೆ ಬಹಳ ಮಟ್ಟಿಗೆ ತಪ್ಪುತ್ತದೆ. ಆದರೆ ಸ್ಥಳದ ಅಂಕಣದ ಗತಿ ಬೇರೆ. ಅಲ್ಲಿ ದೇಶದ ಹೆಸರಿಗೆ ಮಾತ್ರ ನಿಯತ ಪಟ್ಟಿಯುಂಟು. ದೇಶದ ಹೆಸರಾದ ಮೇಲೆ ಒಂದು ವಿವರಣ ಚಿಹ್ನೆ. ಅದರ ಮುಂದೆ ಸಲ್ಲಿಸಿದವರು ತಮಗೆ ತೋರಿದುದನ್ನು ಬರೆಯಬಹುದು. ೨೦೨೪ರಲ್ಲಿ ಈ ಅಂಕಣದ ಹೆಸರನ್ನು 'ದೇಶ' ಎಂಬುದರಿಂದ 'ಭೌಗೋಳಿಕ ಸ್ಥಳನಾಮ' ಎಂಬ ಅರ್ಥದ ಹೆಸರಿಗೆ ಬದಲಿಸಿದರು. ಆದರೂ ಆ ಚಿಹ್ನೆಯ ಮುಂದಿನ ಸ್ವಾತಂತ್ರ್ಯ ಹಾಗೆಯೇ ಉಳಿದಿದೆ. ಭಾರತವೆಂಬುದು ಎಲ್ಲ ದಾಖಲೆಗಳಲ್ಲಿಯೂ ಒಂದೇ ರೂಪದಲ್ಲಿದ್ದು, ಗುಂಡ್ಲುಪೇಟೆ ಮಾತ್ರ ಬರೆದವರ ಅಭ್ಯಾಸಕ್ಕೆ ಸಿಕ್ಕಿಕೊಂಡಿದೆ. ದೊಡ್ಡದು ನಿಯಮಕ್ಕೆ ಒಳಪಟ್ಟು ಚಿಕ್ಕದು ಆಕಸ್ಮಿಕಕ್ಕೆ ಒಳಪಡುವ ಈ ಏರ್ಪಾಡಿನಲ್ಲಿ ನಷ್ಟವಾಗುವುದು ಯಾವಾಗಲೂ ಚಿಕ್ಕ ಊರಿಗೇ.

ಸ್ಥಳವು ದಾಖಲೆಯಲ್ಲಿ ಇಲ್ಲದೆಯೇ ಹೋಗುವುದೂ ಉಂಟು. ಹಲವು ಪ್ರಾಣಿಗಳಲ್ಲಿ ಒಂದೇ ಅನುಕ್ರಮ ಕಂಡುಬಂದಾಗ ಅವೆಲ್ಲಕ್ಕೂ ಪ್ರತಿನಿಧಿಯಾಗಿ ಒಂದೇ ದಾಖಲೆಯನ್ನು ಸಲ್ಲಿಸುವ ವಾಡಿಕೆ ವಂಶಾವಳಿಯ ಅಧ್ಯಯನಗಳಲ್ಲಿದೆ. ಹಾಗೆ ಮಾಡಿದಾಗ ಯಾವ ಕಾಡಿನಿಂದ ಎಷ್ಟು ಪ್ರಾಣಿಗಳು ಎಂಬ ವಿವರ ಪ್ರಕಟಿತ ಲೇಖನದ ಕೋಷ್ಟಕದಲ್ಲಿ ಮಾತ್ರ ಉಳಿಯುತ್ತದೆ. ಬಂಡೀಪುರ, ಮುದುಮಲೈ, ವಯನಾಡುಗಳ ನಡುವೆ ಆನೆ ನಡೆದಾಡುತ್ತದೆ. ರಾಜ್ಯಗಳ ಗಡಿ ಅದಕ್ಕಿಲ್ಲ. ಅದರ ಅನುಕ್ರಮಕ್ಕೆ ಯಾವ ಒಂದು ಸ್ಥಳದ ಹೆಸರನ್ನು ಕೊಟ್ಟರೂ ಅದು ಅರ್ಧ ಸತ್ಯವೇ. ಇಂಥಲ್ಲಿ ಪದಶೋಧದ ಮೌನದಿಂದ ಪ್ರಾಣಿಯ ಅಭಾವವನ್ನು ಊಹಿಸುವುದು ತರ್ಕದೋಷ.

ಇದೆಲ್ಲ ಪಂಡಿತರ ಸೂಕ್ಷ್ಮವೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಗುಂಡ್ಲುಪೇಟೆಯ ನೆರೆಯ ಕಾಡೇ ಸಾಕ್ಷಿ. ಮಂಗನ ಕಾಯಿಲೆಯೆಂದು ನಮ್ಮ ಜನ ಕರೆಯುವ ಕ್ಯಾಸನೂರು ಅರಣ್ಯ ರೋಗ ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಮೊದಲು ಗುರುತಿಸಲ್ಪಟ್ಟಿತು. ಬಹುಕಾಲ ಅದು ಮಲೆನಾಡಿನ ರೋಗವೆಂದೇ ಎಣಿಕೆಯಾಗಿತ್ತು. ೨೦೧೨ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳ ಶವಗಳನ್ನು ಮುಟ್ಟಿ ಸುಡುವ ಕೆಲಸದಲ್ಲಿ ತೊಡಗಿದ್ದವರಿಗೆ ಜ್ವರ ಬಂದಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಿಂದ ಇದು ಅದೇ ರೋಗವೆಂದು ದೃಢಪಟ್ಟು, ೨೦೧೩ರಲ್ಲಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರದಿಯ ಶೀರ್ಷಿಕೆಯಲ್ಲಿರುವ ಸ್ಥಳನಾಮ ಬಂಡೀಪುರ ಹುಲಿ ರಕ್ಷಿತಾರಣ್ಯ. ಗುಂಡ್ಲುಪೇಟೆ ಅಲ್ಲ, ಚಾಮರಾಜನಗರವೂ ಅಲ್ಲ. ತಾಲ್ಲೂಕಿನ ಹೆಸರಿನಿಂದ ಶೀರ್ಷಿಕೆಗಳನ್ನು ಶೋಧಿಸಿದ ವಿದ್ಯಾರ್ಥಿಗೆ, ತನ್ನ ತಾಲ್ಲೂಕಿನ ಕಾಡಿನಲ್ಲಿ ದುಡಿಯುವವರನ್ನು ಬಾಧಿಸಿದ ರೋಗದ ಸುದ್ದಿಯೇ ಸಿಗದೆ ಹೋಗುತ್ತದೆ.

ವೈರಾಣುವಿನ ಹೆಸರಿನಲ್ಲಿಯೂ ತೊಡಕಿದೆ. ಸೌದಿ ಅರೇಬಿಯದಲ್ಲಿ ೧೯೯೦ರ ದಶಕದಲ್ಲಿ ಕಂಡುಬಂದ ಇದರ ಅತಿ ನಿಕಟ ಬಂಧುವನ್ನು ಕೆಲವರು 'ಅಲ್‌ಖುರ್ಮ' ಎಂದೂ ಕೆಲವರು 'ಅಲ್‌ಖುಮ್ರ' ಎಂದೂ ಬರೆಯುತ್ತಾರೆ. ಇದು ಬರಿಯ ಕೈತಪ್ಪಲ್ಲ. ಯಾವ ಊರಿನಿಂದ ಹೆಸರು ಬರಬೇಕೆಂಬ ವಿವಾದವೇ ಎರಡು ಕಾಗುಣಿತಗಳಾಗಿ ನಿಂತಿದೆ. ೨೦೨೩ರ ವೇಳೆಗೆ ವೈರಾಣುಗಳ ನಾಮಕರಣ ಸಮಿತಿಯವರು ಇಡೀ ಕುಲದ ಹೆಸರನ್ನು ಆರ್ಥೊಫ್ಲಾವಿವೈರಸ್ ಎಂದು ಬದಲಿಸಿ, ಪ್ರಭೇದಗಳಿಗೆ ಎರಡು ಪದಗಳ ಹೆಸರನ್ನು ಕೊಟ್ಟರು. ಕ್ಯಾಸನೂರಿನ ವೈರಾಣುವಿನ ಪೂರ್ವಜರು ಈಚಿನವರೆಂದು ೨೦೦೯ರ ಒಂದು ಲೇಖನದ ಶೀರ್ಷಿಕೆಯೂ, ಅದು ಮತ್ತು ಅರೇಬಿಯದ ಬಂಧು ಇವೆರಡರ ಪೂರ್ವಜರು ಪುರಾತನರೆಂದು ೨೦೧೧ರ ಇನ್ನೊಂದು ಲೇಖನದ ಶೀರ್ಷಿಕೆಯೂ ಹೇಳುತ್ತವೆ. ಎರಡರ ಪ್ರಶ್ನೆಯೂ ಸಂಪೂರ್ಣವಾಗಿ ಒಂದೇ ಅಲ್ಲ. ಅವುಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಯಾವ ಅನುಕ್ರಮಗಳನ್ನು ಕಲೆಹಾಕಿ ಮುಂದಿಟ್ಟುಕೊಂಡೆವೆಂಬುದು ಫಲಿತಾಂಶವನ್ನು ರೂಪಿಸುತ್ತದೆಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು. ಹಾಗೆ ಕಲೆಹಾಕುವ ಮೊದಲ ಹೆಜ್ಜೆ ಪದಶೋಧ. ಅಲ್ಲಿ ಬಿಟ್ಟುಹೋದುದನ್ನು ಮುಂದಿನ ಯಾವ ಗಣಿತವೂ ತಂದುಕೊಡಲಾರದು.

ತಪ್ಪು ತುಂಬಿದ ದಾಖಲೆಗಳ ಪ್ರಶ್ನೆಯೂ ಇದರೊಡನೆ ಸೇರಿದೆ. ಆರು ಕಿಣ್ವಕುಲಗಳನ್ನು ಪರೀಕ್ಷಿಸಿದ ೨೦೦೯ರ ಒಂದು ಅಧ್ಯಯನದಲ್ಲಿ, ವಿದ್ವಾಂಸರು ಕೈಯಾರೆ ಪರಿಶೀಲಿಸುವ ಸ್ವಿಸ್-ಪ್ರಾಟ್ ಭಂಡಾರದಲ್ಲಿ ತಪ್ಪು ವಿವರಣೆಗಳು ಶೂನ್ಯಕ್ಕೆ ಹತ್ತಿರವಾಗಿದ್ದವು. ಉಳಿದ ಭಂಡಾರಗಳಲ್ಲಿ ಅವುಗಳ ಸರಾಸರಿ ಪ್ರಮಾಣ ಕುಲದಿಂದ ಕುಲಕ್ಕೆ ನೂರಕ್ಕೆ ೫ರಿಂದ ೬೩ರವರೆಗೆ ಇತ್ತು. ಒಂದು ಪ್ರತಿಯ ಸ್ಖಾಲಿತ್ಯ ಅದರಿಂದ ಇಳಿದ ಪ್ರತಿಗಳಿಗೆಲ್ಲ ಹರಿಯುವಂತೆ, ಒಂದು ದಾಖಲೆಯ ತಪ್ಪು ವಿವರಣೆ ಅದನ್ನು ಹೋಲುವ ಹೊಸ ದಾಖಲೆಗಳಿಗೂ ಹರಿಯುತ್ತದೆ. ಗಣಕವೂ ಒಬ್ಬ ಪ್ರತಿಕಾರನೇ. 'ಸೆಪ್ಟ್', 'ಮಾರ್ಚ್' ಎಂದು ಮೊದಲಾಗುವ ವಂಶವಾಹಿಗಳ ಹೆಸರುಗಳನ್ನು ಲೆಕ್ಕದ ಹಾಳೆಯ ತಂತ್ರಾಂಶವು ತಿಂಗಳ ಹೆಸರೆಂದು ಭ್ರಮಿಸಿ ದಿನಾಂಕಗಳಾಗಿ ಮಾರ್ಪಡಿಸುತ್ತಿದ್ದುದರಿಂದ, ೨೦೨೦ರಲ್ಲಿ ನಾಮಕರಣ ಸಮಿತಿಯವರು ಆ ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಯಿತು. ಜೆನ್‌ಬ್ಯಾಂಕಿನ ದಾಖಲೆಯನ್ನು ತಿದ್ದುವ ಅಧಿಕಾರ ಬಹುಮಟ್ಟಿಗೆ ಸಲ್ಲಿಸಿದವರದೇ ಆದಕಾರಣ, ಓದುಗನು ತಪ್ಪನ್ನು ಕಂಡರೂ ತಾನೇ ಸರಿಪಡಿಸಲಾರ.

ಹೆಸರಿನ ಸಾಮ್ಯದಿಂದ ಆಗುವ ಭ್ರಮೆಗೆ ಇನ್ನೊಂದು ನಿದರ್ಶನ ಬಿಳಿಗಿರಿರಂಗನ ಬೆಟ್ಟದಲ್ಲಿಯೇ ಇದೆ. ಆ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರ ಹೆಸರನ್ನು ಇಂಗ್ಲಿಷಿನಲ್ಲಿ 'ಸೋಲಿಗ', 'ಶೋಲಿಗ', 'ಶೋಲಗ', 'ಸೊಲೆಗ' ಎಂದು ನಾನಾ ವಿಧವಾಗಿ ಬರೆದಿದ್ದಾರೆ. ೨೦೨೨ರಲ್ಲಿ ಅಲ್ಲಿ ದೊರೆತ ಒಂದು ಹೊಸ ಕಣಜಕ್ಕೆ, ಈ ಜನರ ಗೌರವಾರ್ಥವಾಗಿ, 'ಸೋಲಿಗ' ಎಂಬ ಹೊಸ ಕುಲನಾಮವನ್ನು ಕೊಡಲಾಯಿತು. ನಾಮಕರಣ ಉಚಿತವಾದದ್ದೇ. ಆದರೆ ಎಲ್ಲ ಅಂಕಣಗಳಲ್ಲಿಯೂ ಈ ಪದವನ್ನು ಶೋಧಿಸುವವನು ಇನ್ನು ಮುಂದೆ ಜನರನ್ನೂ ಕೀಟವನ್ನೂ ಪ್ರತ್ಯೇಕಿಸಿ ನೋಡಬೇಕು. ಜೀವಿಯ ಅಂಕಣಕ್ಕೆ ಸೀಮಿತಗೊಳಿಸಿದರೆ ಕಣಜ ಮಾತ್ರ ಬರುತ್ತದೆ; ಮನುಷ್ಯರ ಮಾದರಿಗಳಲ್ಲಿ ಜೀವಿ 'ಹೋಮೋ ಸೇಪಿಯನ್ಸ್', ಸಮುದಾಯದ ಹೆಸರು ಬೇರೆ ಅಂಕಣದಲ್ಲಿಯೋ ಶೀರ್ಷಿಕೆಯಲ್ಲಿಯೋ ಇರುತ್ತದೆ.

ಪ್ರಶ್ನೆಯನ್ನು ರಚಿಸುವ ವ್ಯಾಕರಣದ ಬಗೆಗೂ ಎರಡು ಮಾತು ಅವಶ್ಯ. ಎಂಟ್ರೆಜಿನಲ್ಲಿ 'ಆಂಡ್', 'ಆರ್', 'ನಾಟ್' ಎಂಬ ಯೋಜಕ ಪದಗಳನ್ನು ದೊಡ್ಡಕ್ಷರಗಳಲ್ಲಿ ಬರೆಯಬೇಕು. ಅವುಗಳನ್ನು ಅದು ಎಡದಿಂದ ಬಲಕ್ಕೆ ಕ್ರಮವಾಗಿ ಅನ್ವಯಿಸುತ್ತದೆ. 'ವೈರಾಣು ಆಂಡ್ ಬಂಡೀಪುರ ಆರ್ ಮುದುಮಲೈ' ಎಂದು ಕೇಳಿದವನಿಗೆ ಬಂಡೀಪುರದ ವೈರಾಣುಗಳ ಜೊತೆಗೆ ಮುದುಮಲೈ ಎಂಬ ಪದವಿರುವ ಸಸ್ಯ, ಕೀಟ, ಪ್ರಾಣಿಗಳೆಲ್ಲವೂ ಬರುತ್ತವೆ. ಎರಡು ಸ್ಥಳನಾಮಗಳನ್ನು ಆವರಣದೊಳಗಿಟ್ಟರೆ ಮಾತ್ರ ಪ್ರಶ್ನೆ ಉದ್ದೇಶಿತ ಅರ್ಥವನ್ನು ಕೊಡುತ್ತದೆ. 'ನಾಟ್' ಎಂಬುದು ಇನ್ನೂ ಅಪಾಯಕಾರಿ. 'ವಿಜಯಪುರ ನಾಟ್ ಬಿಜಾಪುರ' ಎಂದಾಗ, ಎರಡೂ ಊರುಗಳ ಮಾದರಿಗಳನ್ನು ಹೋಲಿಸಿ ಬರೆದ ದಾಖಲೆ ಕಣ್ಣಿಗೆ ಬೀಳದೆ ಮಾಯವಾಗುತ್ತದೆ. ಹೆಚ್ಚಾಗಿ ಬಂದುದನ್ನು ಓದಿ ತೆಗೆದುಹಾಕಬಹುದು. ಬಾರದೆ ಹೋದುದನ್ನು ಓದಲಾಗುವುದಿಲ್ಲ. ಆದಕಾರಣ ಮೊದಲ ಶೋಧ ಉದಾರವಾಗಿರಬೇಕು, ಅನಂತರದ ಆಯ್ಕೆ ಕಟ್ಟುನಿಟ್ಟಾಗಿರಬೇಕು.

ಮೇಲಿನ ವಿಚಾರಗಳಿಂದ ಕೆಲವು ಆಚರಣೆಗಳು ಫಲಿಸುತ್ತವೆ. ಶೋಧಕ್ಕೆ ಕುಳಿತುಕೊಳ್ಳುವ ಮೊದಲು ಸ್ಥಳದ, ಜೀವಿಯ, ಜನಾಂಗದ ಹೆಸರುಗಳ ರೂಪಾಂತರಗಳನ್ನೆಲ್ಲ ಕಾಲಾನುಕ್ರಮವಾಗಿ ಪಟ್ಟಿ ಮಾಡಿಕೊಳ್ಳತಕ್ಕದ್ದು. ಈ ಕೆಲಸದಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗೆ ಇತಿಹಾಸದ ಮತ್ತು ಕನ್ನಡದ ಅಧ್ಯಾಪಕರ ನೆರವು ಬೇಕಾಗುತ್ತದೆ. ಕೇಳಿದ ಪ್ರಶ್ನೆಯನ್ನು ಅಕ್ಷರಶಃ, ಕೇಳಿದ ದಿನಾಂಕದೊಡನೆ, ಪ್ರಬಂಧದಲ್ಲಿ ಕೊಡತಕ್ಕದ್ದು. ಭಂಡಾರ ದಿನದಿನಕ್ಕೆ ಬೆಳೆಯುವುದರಿಂದ ದಿನಾಂಕವಿಲ್ಲದ ಫಲಿತಾಂಶವನ್ನು ಪರೀಕ್ಷಿಸಲಾಗದು. ಪದಶೋಧದಿಂದ ಬಂದ ಕೆಲವು ಅನುಕ್ರಮಗಳನ್ನು ಬ್ಲಾಸ್ಟಿಗೆ ಕೊಟ್ಟು, ಅವುಗಳನ್ನು ಹೋಲುವ ಆದರೆ ಪದಕ್ಕೆ ಸಿಗದ ದಾಖಲೆಗಳಿವೆಯೇ ಎಂದು ನೋಡತಕ್ಕದ್ದು. ನಾವೇ ದಾಖಲೆಯನ್ನು ಸಲ್ಲಿಸುವಾಗ ಗ್ರಾಮ, ತಾಲ್ಲೂಕು, ಜಿಲ್ಲೆ, ಅಕ್ಷಾಂಶ-ರೇಖಾಂಶ, ಸಂಗ್ರಹಿಸಿದ ದಿನ ಇವುಗಳನ್ನು ಬಿಡದೆ ಬರೆಯತಕ್ಕದ್ದು. ಅಕ್ಷಾಂಶ-ರೇಖಾಂಶಗಳಿಗೆ ಕಾಗುಣಿತದ ಭೇದವಿಲ್ಲ, ಜಿಲ್ಲೆ ಒಡೆದರೂ ಅವು ಬದಲಾಗುವುದಿಲ್ಲ. ಆದರೆ ಅವು ಮಾತ್ರ ಸಾಲವು. ಓದುಗನು ಹುಡುಕುವುದು ಸಂಖ್ಯೆಯಿಂದಲ್ಲ, ಹೆಸರಿನಿಂದ.

ಪದಶೋಧವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಮನೆಯಲ್ಲಿ ಕುಳಿತು ಗುಂಡ್ಲುಪೇಟೆಯ ಕಾಲೇಜಿನ ವಿದ್ಯಾರ್ಥಿ ಜಗತ್ತಿನ ಭಂಡಾರಗಳನ್ನು, ಹಣ ತೆರದೆ, ಯಾರ ಅಪ್ಪಣೆಯನ್ನೂ ಬೇಡದೆ ಪ್ರಶ್ನಿಸಬಲ್ಲನೆಂಬುದು ಸಾಮಾನ್ಯವಾದ ಲಾಭವಲ್ಲ. ಹಿಂದಿನ ತಲೆಮಾರಿನ ಸಂಶೋಧಕರಿಗೆ ಅದು ಇರಲಿಲ್ಲ. ನಾವು ಆಕ್ಷೇಪಿಸುವುದು ಉತ್ತರ ಬಾರದಿದ್ದುದನ್ನು ಉತ್ತರವೆಂದು ತಿಳಿಯುವ ಅವಸರವನ್ನು. "ಈ ಪ್ರದೇಶದಿಂದ ಯಾವ ದಾಖಲೆಯೂ ಇಲ್ಲ" ಎಂಬ ವಾಕ್ಯದ ಸ್ಥಾನದಲ್ಲಿ, "ಈ ಪದಗಳಿಂದ, ಈ ಅಂಕಣಗಳಲ್ಲಿ, ಈ ದಿನ ಶೋಧಿಸಿದಾಗ ಯಾವ ದಾಖಲೆಯೂ ದೊರೆಯಲಿಲ್ಲ" ಎಂಬ ವಾಕ್ಯವನ್ನು ಬರೆಯುವ ಅಭ್ಯಾಸ ನಮ್ಮ ಪ್ರಬಂಧಗಳಲ್ಲಿ ನೆಲೆಗೊಳ್ಳಬೇಕು. ಮೊದಲನೆಯದು ಕಾಡನ್ನು ಕುರಿತ ತೀರ್ಪು. ಅದನ್ನು ಕೊಡುವ ಅಧಿಕಾರ ಮೇಜಿನ ಮುಂದೆ ಕುಳಿತವನಿಗಿಲ್ಲ. ಎರಡನೆಯದು ತನ್ನ ಕೆಲಸವನ್ನು ಕುರಿತ ಸಾಕ್ಷ್ಯ. ಅದನ್ನು ಮುಂದೆ ಬರುವವರು ಪರೀಕ್ಷಿಸಬಹುದು, ತಿದ್ದಬಹುದು, ಬೆಳೆಸಬಹುದು.